ಪ್ರಹ್ಲಾದ ನಿಮ್ಮ ಮನೆಯಲ್ಲಿ ಹುಟ್ಟಿದರೆ?

ಅಪ್ಪ-ಅಮ್ಮನ ಧರ್ಮವನ್ನೇ ಮಕ್ಕಳಿಗೆ ಕಲಿಸೋದು ಸಂಸ್ಕಾರವೋ, ಬ್ರೈನ್‌ವಾಷೋ? ನಮ್ಮ ಆಫೀಸಿನಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಈ ಜಗಳ ಆಗಾಗ ಏಳುತ್ತದೆ. ಇರೋದು ಎರಡೇ ಪಕ್ಷ. ಒಂದು, ರಿಚರ್ಡ್ ಡಾಕಿನ್ಸ್ 2006ರಲ್ಲಿ ಬರೆದ 'ದಿ ಗಾಡ್ ಡೆಲ್ಯೂಷನ್' ಓದಿದವರದು (ಅಥವಾ ಓದಿದವರ ವಿಡಿಯೋ ನೋಡಿದವರದು). ಇನ್ನೊಂದು, "ಹಾಗಾದ್ರೆ ನಮ್ಮ ಹಿರಿಯರೆಲ್ಲ ದಡ್ಡರಾ?" ಅಂತ ಒಂದೇ ಪ್ರಶ್ನೆ ಎಸೆದು ಕೈ ತೊಳೆಯಲು ಏಳುವವರದು. ನನಗೆ ಇಬ್ಬರ ಮೇಲೂ ತಕರಾರಿದೆ. ಮಗಳಿಗೆ ಈಗ ಎರಡೂವರೆ ವರ್ಷ. ಹಾಗಾಗಿ ನನ್ನ ಪಾಲಿಗೆ ಇದು ಬರೀ ಹರಟೆಯಲ್ಲ.

ಮೊದಲು ಡಾಕಿನ್ಸ್ ಪಕ್ಷ. ಅವರ ವಾದದಲ್ಲಿ ಅರ್ಧ ಸರಿಯಿದೆ. ನಾಲ್ಕು ವರ್ಷದ ಕೂಸನ್ನು ಯಾರೂ "ಮಾರ್ಕ್ಸ್‌ವಾದಿ ಮಗು" ಅನ್ನೋದಿಲ್ಲ. ಹಾಗಿದ್ದಾಗ "ಕ್ರೈಸ್ತ ಮಗು", "ಮುಸ್ಲಿಂ ಮಗು" ಅಂತ ಚೀಟಿ ಅಂಟಿಸೋದು ಯಾವ ನ್ಯಾಯ? ಒಪ್ಪಿದೆ. ಆದರೆ ನಮ್ಮ ಟೇಬಲ್ಲಿನವರು ಅಲ್ಲಿಂದ ಒಂದೇ ನೆಗೆತಕ್ಕೆ "ಅದಕ್ಕೇ ಹದಿನೆಂಟು ತುಂಬುವವರೆಗೆ ಏನನ್ನೂ ಕಲಿಸಬಾರದು" ಅನ್ನುವಲ್ಲಿಗೆ ಬಂದುಬಿಡುತ್ತಾರೆ. ಸ್ವಾಮಿ, ಖಾಲಿ ಮಗು ಅಂತ ಒಂದು ಇರುತ್ತದೆಯೇ? ಮಗಳಿಗೆ ಕನ್ನಡ ಕಲಿಸುವಾಗ ನಾನು ಅವಳ ಅನುಮತಿ ಕೇಳಲಿಲ್ಲ. ಹೆಸರಿಡುವಾಗಲೂ ಕೇಳಲಿಲ್ಲ, ಸಾರನ್ನ ತಿನ್ನಿಸುವಾಗಲೂ ಕೇಳಲಿಲ್ಲ. ದೀಪ ಹಚ್ಚುವ ಮನೆ ಏನನ್ನೋ ಕಲಿಸುತ್ತದೆ, ದೀಪ ಹಚ್ಚದ ಮನೆಯೂ ಏನನ್ನೋ ಕಲಿಸುತ್ತದೆ. ಏನನ್ನೂ ಕೊಡದೆ ಮಗು ಸಾಕಿದವರು ಈ ಭೂಮಿ ಮೇಲೆ ಯಾರೂ ಇಲ್ಲ.

ಇದನ್ನು ಓದಿ ಎರಡನೇ ಪಕ್ಷದವರು ಚಪ್ಪಾಳೆ ತಟ್ಟೋದು ಬೇಡ. ಕನ್ನಡಕ್ಕೂ ಧರ್ಮಕ್ಕೂ ಒಂದು ವ್ಯತ್ಯಾಸ ಇದೆಯಲ್ಲ, ಅದನ್ನು ನೋಡಿ. ನಾಳೆ ನನ್ನ ಮಗಳು ಜಪಾನಿ ಕಲಿತು, ಜಪಾನಿನಲ್ಲೇ ಉಳಿದು, ಕನ್ನಡ ಮರೆತರೂ ನನಗೆ ಹೊಟ್ಟೆ ಉರಿಯಬಹುದು ಅಷ್ಟೆ. ಅವಳು ಬದುಕಿರುವಾಗಲೇ ಯಾರೂ ಅವಳ ಹೆಸರಲ್ಲಿ ಎಳ್ಳು ನೀರು ಬಿಡೋದಿಲ್ಲ. ತಮಿಳು ಮಾತಾಡುವವರ ಮನೆಯಲ್ಲಿ ನೀರು ಕುಡಿಯಬೇಡ ಅಂತ ಕನ್ನಡ ಹೇಳಿಕೊಡೋದಿಲ್ಲ. ಧರ್ಮವನ್ನೂ ಹೀಗೇ ಕೊಡುವುದಾದರೆ ನನ್ನದೇನೂ ಆಕ್ಷೇಪವಿಲ್ಲ. ಆದರೆ ಹಾಗೆ ಕೊಡುತ್ತಿದ್ದೇವಾ?

ಈಗ ಪ್ರಹ್ಲಾದನಿಗೆ ಬರೋಣ. 1983ರ 'ಭಕ್ತ ಪ್ರಹ್ಲಾದ' ಟಿವಿಯಲ್ಲಿ ಎಷ್ಟು ಸಲ ಬಂತೋ ಲೆಕ್ಕವಿಲ್ಲ. ಅಣ್ಣಾವ್ರು ಹಿರಣ್ಯಕಶಿಪು, ಪುಟ್ಟ ಪುನೀತ್ ಪ್ರಹ್ಲಾದ. ಮನೆಮಂದಿಯೆಲ್ಲ ಮಗುವಿನ ಪರ. ಆದರೆ ಕತೆಯನ್ನು ಸ್ವಲ್ಪ ಯೋಚಿಸಿ ನೋಡಿ. ಹಿರಣ್ಯಕಶಿಪು ಕೇಳಿದ್ದಾದರೂ ಏನು? ನನ್ನ ಮಗ ನಮ್ಮ ಮನೆತನದ ನಂಬಿಕೆಯಲ್ಲೇ ಬೆಳೆಯಲಿ ಅಂತ, ಅಷ್ಟೇ ತಾನೆ! ಅದಕ್ಕಾಗಿ ಶಂಡ-ಅಮರ್ಕರೆಂಬ ಇಬ್ಬರು ಮೇಷ್ಟ್ರನ್ನೂ ಗೊತ್ತು ಮಾಡಿದ. ಸಂಸ್ಕಾರದ ಕ್ಲಾಸು, ಇಂದಿನ ಭಾಷೆಯಲ್ಲಿ :) ಮಗ ಒಪ್ಪಲಿಲ್ಲ. ಆಗ ಆನೆ, ಹಾವು, ವಿಷ, ಬೆಂಕಿ ಎಲ್ಲ ಬಂತು. ಅವನು ರಾಕ್ಷಸನಾದದ್ದು ಪಾಠ ಹೇಳಿಸಿದ್ದಕ್ಕಲ್ಲ, ಮಗ "ಒಲ್ಲೆ" ಅಂದಮೇಲೆ ಮಾಡಿದ ಕೆಲಸಕ್ಕೆ.

ಪ್ರಹ್ಲಾದ ಒಬ್ಬನೇ ಅಲ್ಲ. ಅಪ್ಪ ಬಡಕಲು ಹಸುಗಳನ್ನು ದಾನ ಕೊಡುವುದನ್ನು ಕಂಡು "ನನ್ನನ್ನು ಯಾರಿಗೆ ಕೊಡ್ತೀಯ?" ಅಂತ ಕೇಳಿದ ನಚಿಕೇತ, ಅಪ್ಪನ ಸಿಟ್ಟಿಗೆ ಯಮನ ಮನೆಗೇ ಹೋಗಬೇಕಾಯಿತು. ಬಸವಣ್ಣ ಜನಿವಾರ ಬೇಡ ಅಂದು ಮನೆಯಿಂದ ಹೊರಟ ಕತೆಯನ್ನು ನಾವೆಲ್ಲ ಶಾಲೆಯಲ್ಲಿ ಓದಿದವರೇ. ಅಕ್ಕಮಹಾದೇವಿ ಯಾರ ಮಾತು ಕೇಳಿದಳು? ನಮ್ಮಲ್ಲಿ ದೊಡ್ಡವರು ಅನ್ನಿಸಿಕೊಂಡವರಲ್ಲಿ ಬಹಳ ಜನ ಮನೆಯವರಿಗೆ ಎದುರು ಹೇಳಿದವರೇ. ರಾತ್ರಿ ಮಲಗುವಾಗ ಮಕ್ಕಳಿಗೆ ಈ ಕತೆ ಹೇಳುತ್ತೇವೆ, ಬೆಳಗ್ಗೆ ಎದ್ದು "ಎದುರು ಮಾತಾಡಬೇಡ" ಅನ್ನುತ್ತೇವೆ.

ನನ್ನ ಮಟ್ಟಿಗೆ ಪರೀಕ್ಷೆ ಇಷ್ಟೇ. ನೀವು ಏನು ಕಲಿಸಿದಿರಿ ಅನ್ನೋದಲ್ಲ, ಮಗು "ಯಾಕೆ?" ಅಂದಾಗ ಏನು ಹೇಳಿದಿರಿ, "ಬೇಡ" ಅಂದಾಗ ಏನು ಮಾಡಿದಿರಿ ಅನ್ನೋದು. ನಮ್ಮ ಕಸುಬಿನ ಮಾತಲ್ಲಿ ಹೇಳುವುದಾದರೆ, ಯಾವ ಫೋನಾದರೂ ಒಂದು ಡೀಫಾಲ್ಟ್ ಸೆಟ್ಟಿಂಗ್ ಇಟ್ಟುಕೊಂಡೇ ಬರುತ್ತದೆ. ಅದು ತಪ್ಪಲ್ಲ. ಸೆಟ್ಟಿಂಗ್ ಬದಲಿಸಲು ಹೋದರೆ ಫೋನೇ ಸತ್ತುಹೋಗುವ ಹಾಗೆ ಮಾಡಿಟ್ಟರೆ, ಅದು ತಪ್ಪು.

ಇಲ್ಲೇ ನಮ್ಮ ಡಾಕಿನ್ಸ್ ಅಭಿಮಾನಿಗಳೂ ಎಡವೋದು. ಅವರು ಇಂಗ್ಲೆಂಡಿನ ಚರ್ಚಿಗೆ ಹೊಲಿಸಿದ ಅಂಗಿಯನ್ನು ನಮಗೆ ತೊಡಿಸುತ್ತಾರೆ. ಅಲ್ಲಿಯ ಜಗಳ ನಂಬಿಕೆಯದ್ದು. ನಮ್ಮ ಮನೆಗಳಲ್ಲಿ ನಂಬಿಕೆಯ ಬಗ್ಗೆ ಯಾರಿಗೆ ಅಷ್ಟು ತಲೆಬಿಸಿ? ನನಗೆ ದೇವರಲ್ಲಿ ನಂಬಿಕೆ ಇಲ್ಲ ಅಂತ ಕಾಲೇಜಿನಲ್ಲಿದ್ದಾಗ ಅಮ್ಮನಿಗೆ ಹೇಳಿದ್ದೆ. ಅಮ್ಮ ಒಗ್ಗರಣೆ ಹಾಕುತ್ತಲೇ "ಆಯ್ತು ಬಿಡು, ವಯಸ್ಸಾದ್ಮೇಲೆ ಬರತ್ತೆ. ಮದ್ವೆ ಮಾತ್ರ ನಮ್ಮೋರಲ್ಲೇ ಆಗು" ಅಂದಳು. ನೋಡಿ, ನಾಸ್ತಿಕನಿಗೆ ಮನೆಯಲ್ಲಿ ಜಾಗ ಇದೆ, ಊಟವೂ ಇದೆ. ಬೇರೆ ಜಾತಿಯ ಸೊಸೆಗೆ ಇಲ್ಲ. ಬೀಗ ಬಿದ್ದಿರೋದು ದೇವರ ಕೋಣೆಗಲ್ಲ, ಅಡುಗೆ ಮನೆಗೆ.

ಮತ್ತೆ ಈ ಪಾಠ ಶ್ಲೋಕದಿಂದ ಶುರುವಾಗೋದೂ ಇಲ್ಲ. ಕೆಲಸದವರಿಗೆ ಬೇರೆ ಲೋಟ ಇಟ್ಟಿರುವ ಮನೆಯಲ್ಲಿ, ಆ ಲೋಟ ಮುಟ್ಟಬಾರದು ಅಂತ ನಾಲ್ಕು ವರ್ಷದ ಮಗುವಿಗೆ ಗೊತ್ತಿರುತ್ತದೆ. 'ಶುಕ್ಲಾಂಬರಧರಂ' ಬಾಯಿಪಾಠ ಆಗುವ ಮೊದಲೇ! ಯಾರೂ ಕೂರಿಸಿ ಹೇಳಿಕೊಟ್ಟಿರುವುದಿಲ್ಲ. ಕೂರಿಸಿ ಹೇಳಿಕೊಟ್ಟಿದ್ದರೆ ಮಗು "ಯಾಕೆ?" ಅಂತಲಾದರೂ ಕೇಳುತ್ತಿತ್ತೋ ಏನೋ. ನಾನು ಬ್ರೈನ್‌ವಾಷ್ ಅನ್ನೋದು ಇದನ್ನು.

ಕೇಳಿದ ಮಗುವಿಗೆ ಏನು ಸಿಗುತ್ತದೆ ಅನ್ನೋದನ್ನೂ ನೋಡಿದ್ದೇನೆ. ಎರಡು ವರ್ಷದ ಹಿಂದೆ ಅಕ್ಕನ ಮಗನ ಉಪನಯನ. ಅವನಿಗೆ ಎಂಟು, ಅವನ ತಂಗಿಗೆ ಆರು. ಪಂಚೆಯ ಮರೆಯಲ್ಲಿ ಅಣ್ಣನ ಕಿವಿಯಲ್ಲಿ ಏನೋ ಗುಟ್ಟು ಹೇಳಿದರಲ್ಲ, ಅದು ತನಗೂ ಬೇಕು ಅಂತ ಅವಳ ಹಟ. "ಹೆಣ್ಣುಮಕ್ಕಳಿಗೆ ಇಲ್ಲ ಪುಟ್ಟಿ" ಅಂದರು ಭಾವ. "ಯಾಕೆ ಅಪ್ಪ?" "ಇಲ್ಲ ಅಂದ್ರೆ ಇಲ್ಲ, ಹೋಗಿ ಪಾಯಸ ತಿನ್ನು." ಅವಳು ಹೋಗಿ ಪಾಯಸ ತಿಂದಳು. ಈಗ ಕೇಳೋದನ್ನು ಬಿಟ್ಟಿದ್ದಾಳೆ. ಅಣ್ಣ ಮಂತ್ರ ಕಲಿತ, ತಂಗಿ ಸುಮ್ಮನಿರೋದನ್ನು ಕಲಿತಳು.

"ಬರೀ ನಮ್ಮವರಿಗೇ ಯಾಕೆ ಬೈತೀರಿ, ಉಳಿದವರು ಮಕ್ಕಳನ್ನು ಬಿಟ್ಟುಕೊಡ್ತಾರಾ?" ಈ ಪ್ರಶ್ನೆ ಬಂದೇ ಬರುತ್ತದೆ ಅಂತ ಗೊತ್ತು :) ಇಲ್ಲ, ಬಿಟ್ಟುಕೊಡೋದಿಲ್ಲ. ಪಕ್ಕದ ಕೇರಳದಲ್ಲಿ 2008ರಲ್ಲಿ ಏಳನೇ ಕ್ಲಾಸಿನ ಪುಸ್ತಕದಲ್ಲಿ 'ಮತಮಿಲ್ಲಾತ್ತ ಜೀವನ್' ಅಂತ ಒಂದು ಪಾಠ ಬಂತು. ಬೇರೆ ಬೇರೆ ಧರ್ಮದ ಗಂಡ-ಹೆಂಡತಿ ಮಗನನ್ನು ಶಾಲೆಗೆ ಸೇರಿಸುವಾಗ ಧರ್ಮದ ಕಾಲಂ ಖಾಲಿ ಇರಲಿ, ದೊಡ್ಡವನಾದಮೇಲೆ ಬೇಕಾದ್ದನ್ನು ಆರಿಸಿಕೊಳ್ಳಲಿ ಅನ್ನುತ್ತಾರೆ. ಅಷ್ಟೇ ಪಾಠ. ಅದಕ್ಕೆ ಚರ್ಚಿನವರು, ಮುಸ್ಲಿಂ ಸಂಘಟನೆಗಳು, ಹಿಂದೂ ಸಂಘಟನೆಗಳು ಎಲ್ಲರೂ ಒಟ್ಟಿಗೆ ಸಿಡಿದೆದ್ದರು. ಪುಸ್ತಕ ಸುಟ್ಟರು. ಆ ಗಲಾಟೆಯಲ್ಲಿ ಒಬ್ಬ ಮೇಷ್ಟ್ರ ಪ್ರಾಣವೇ ಹೋಯಿತು. ಸರ್ಕಾರ ಪಾಠವನ್ನು ತಿದ್ದಿತು. ಒಬ್ಬರನ್ನೊಬ್ಬರು ಕಂಡರಾಗದವರನ್ನು ಒಂದು ಮಾಡಿದ್ದು ಒಂದು ಖಾಲಿ ಕಾಲಂ!

ಹಾಗಂತ ಖಾಲಿ ಬಿಟ್ಟವರೆಲ್ಲ ವೀರರು ಅಂತಲೂ ಅಲ್ಲ. ಜಾತಿಯ ಕಾಲಂ ಖಾಲಿ ಬಿಡೋದು ನನ್ನಂಥವನಿಗೆ ಸುಲಭ, ಅದರಿಂದ ನನ್ನ ಮಗಳು ಕಳೆದುಕೊಳ್ಳುವುದು ಏನೂ ಇಲ್ಲ. ದಲಿತರ ಮಗುವಿಗೆ ಆ ಸರ್ಟಿಫಿಕೇಟು ಹಕ್ಕಿನ ಪ್ರಶ್ನೆ. ಅರ್ಜಿಯಲ್ಲಿ ಗೆರೆ ಎಳೆದು, ಮನೆಯಲ್ಲಿ ಬೇರೆ ಲೋಟ ಇಟ್ಟರೆ ಏನು ಬಂತು?

ಇನ್ನೊಂದು ಮಾತು. ಬಾಗಿಲು ತೆರೆದಿದೆ ಅಂದರಷ್ಟೇ ಸಾಲದು, ಹೊರಗೆ ಬದುಕುವ ಶಕ್ತಿಯನ್ನೂ ಕೊಟ್ಟಿರಬೇಕು. ಅಮೆರಿಕದ ಆಮಿಷ್ ಜನ ದೊಡ್ಡವರಾದ ಮೇಲೆಯೇ ದೀಕ್ಷಾಸ್ನಾನ ಕೊಡುವವರು, ಮಕ್ಕಳೇ ಆರಿಸಿಕೊಳ್ಳಲಿ ಅನ್ನುವವರು. ಆದರೆ ಎಂಟನೇ ಕ್ಲಾಸಿಗೇ ಶಾಲೆ ಬಿಡಿಸುತ್ತಾರೆ. 1972ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಅಪ್ಪ-ಅಮ್ಮಂದಿರ ಪರವಾಗಿ ತೀರ್ಪು ಕೊಟ್ಟಿತು. ಮಕ್ಕಳ ಅಭಿಪ್ರಾಯವನ್ನೂ ಕೇಳಬೇಕಲ್ಲವೇ ಅಂದವರು ಜಸ್ಟಿಸ್ ಡಗ್ಲಸ್ ಒಬ್ಬರೇ. ನಮ್ಮಲ್ಲೂ, ಹುಡುಗಿಯನ್ನು ಓದು ಬಿಡಿಸಿ ಮನೆಯಲ್ಲಿ ಕೂರಿಸಿ "ಅವಳಿಗೇ ಇಷ್ಟ" ಅನ್ನುವವರು ಎಷ್ಟು ಜನ ಇಲ್ಲ? ಭಾರತ 1992ರಲ್ಲಿ ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 14ನೇ ವಿಧಿ ದಾರಿ ತೋರಿಸುವ ಹಕ್ಕನ್ನು ತಂದೆತಾಯಿಗೆ ಕೊಟ್ಟಿದೆ, ಆದರೆ ಮಗುವಿನ ಬೆಳೆಯುವ ತಿಳಿವಳಿಕೆಗೆ ತಕ್ಕಂತೆ. ಯೋಚನೆಯ ಹಕ್ಕು ಮಗುವಿನದೇ.

ನನ್ನ ಮಗಳು ಅಜ್ಜಿಯ ಜೊತೆ ಕೂತು ಶ್ಲೋಕ ಹೇಳಲಿ, ದಸರಾ ಬೊಂಬೆ ಜೋಡಿಸಲಿ. ನಾನು ತಡೆಯೋದಿಲ್ಲ, ನಾನೂ ಜೊತೆಗೆ ಕೂರುತ್ತೇನೆ. ಬೇರೆ ಲೋಟ ಮಾತ್ರ ನಮ್ಮ ಮನೆಯಲ್ಲಿ ಇರೋದಿಲ್ಲ. "ಯಾಕೆ?" ಅಂದಾಗ ಪಾಯಸ ಕೊಟ್ಟು ಕಳಿಸುವುದಿಲ್ಲ. ಮುಂದೆ ಅವಳು ಚರ್ಚಿಗೆ ಹೋದರೂ, ಮಸೀದಿಗೆ ಹೋದರೂ, ಎಲ್ಲಿಗೂ ಹೋಗದಿದ್ದರೂ, ಯಾರ ಕೈ ಹಿಡಿದು ಬಂದರೂ, ಅವಳ ತಟ್ಟೆ ಅದೇ ಜಾಗದಲ್ಲಿರುತ್ತದೆ. ಇದನ್ನು ಅಮ್ಮನಿಗೂ ಹೇಳಿದ್ದೇನೆ. ಅಮ್ಮ ಇನ್ನೂ ಉತ್ತರ ಕೊಟ್ಟಿಲ್ಲ.

ನೀವೂ ಹೇಳಿ. ಸಂಸ್ಕಾರ ಅನ್ನಿ, ಇನ್ನೇನಾದರೂ ಅನ್ನಿ, ಹೆಸರಿನ ಬಗ್ಗೆ ನನಗೆ ಜಗಳವಿಲ್ಲ. ನಿಮ್ಮ ಮಗ ಹದಿನಾರನೇ ವಯಸ್ಸಿಗೆ ಎದುರು ನಿಂತು "ಇದೆಲ್ಲ ನನಗೆ ಬೇಡಪ್ಪ" ಅಂದರೆ ಏನು ಮಾಡುತ್ತೀರಿ? ಆನೆ ಕರೆಸುತ್ತೀರೋ, ಊಟಕ್ಕೆ ಕರೆಯುತ್ತೀರೋ?