ಬೆಟ್ಟಕ್ಕೆ ನಾಯಿ ಬರಲಿ, ಹಗ್ಗವೂ ಬರಲಿ



ಭಟ್ಕಳ ತಾಲೂಕಿನ ಹೆಬಳೆಯಿಂದ ಹಿಡಿದು ಹೊನ್ನಾವರ, ಕುಮಟೆಗಳವರೆಗೆ ಕರಾವಳಿಯ ರೈತನಿಗೆ ಬೆಟ್ಟವೆಂದರೆ ಪರಸ್ಥಳವಲ್ಲ. ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ದರಕು, ಒಲೆಗೆ ಸೌದೆ ಒದಗಿಸುವ ಬೆಟ್ಟ ಅವನ ಬೇಸಾಯದ ಒಂದು ಭಾಗವೇ ಆಗಿದೆ. ಮನೆಯವರು ಬೆಟ್ಟಕ್ಕೆ ಹೊರಟರೆ ನಾಯಿಯೂ ಹಿಂದೆಯೇ ಹೊರಡುತ್ತದೆ. ಅದರಲ್ಲಿ ತಪ್ಪಿಲ್ಲ. ಆದರೆ ಬೆಟ್ಟ ಹತ್ತಿದೊಡನೆ ನಾಯಿಯನ್ನು ಅದರ ಪಾಡಿಗೆ ಬಿಟ್ಟುಬಿಡುವ ರೂಢಿಯನ್ನು ನಾವು ಕೈಬಿಡಬೇಕು ಎಂಬುದು ನನ್ನ ಅಭಿಪ್ರಾಯ. ಕಾರಣಗಳನ್ನು ನೀವೇ ತೂಗಿ ನೋಡಿ.

ಮೊದಲನೆಯದು ಮನೆಮಂದಿಯ ಆರೋಗ್ಯ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ನಮ್ಮ ಜಿಲ್ಲೆಯ ಹೊನ್ನಾವರ, ಸಿದ್ದಾಪುರ ಭಾಗಗಳಲ್ಲೂ ಕಾಣಿಸಿಕೊಂಡಿದೆ. ಇದನ್ನು ಹರಡುವುದು ಉಣುಗು. ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಅದರ ಮರಿ. ಎಳ್ಳುಕಾಳಿನಷ್ಟು ಸಣ್ಣದಾದ್ದರಿಂದ ಕಣ್ಣಿಗೆ ಬೀಳುವುದೇ ಕಷ್ಟ. ನವೆಂಬರಿನಿಂದ ಮೇ ತಿಂಗಳವರೆಗೆ ಇವುಗಳ ಕಾಟ. ನಾವು ದರಕು ಗುಡಿಸುವ ಕಾಲವೂ ಅದೇ. ನಾಯಿ ನೇರವಾಗಿ ಈ ರೋಗವನ್ನು ಹರಡುವುದಿಲ್ಲ. ಆದರೆ ಪೊದೆಪೊದೆ ನುಗ್ಗಿ ಬಂದ ನಾಯಿ ಮೈತುಂಬ ಉಣುಗು ಹೊತ್ತು ತಂದು, ಮಕ್ಕಳು ಆಡುವ ಜಗಲಿಯ ಮೇಲೆಯೇ ಮಲಗುತ್ತದೆ. ಹಗ್ಗದಲ್ಲಿರುವ ನಾಯಿ ಕಾಲುದಾರಿ ಬಿಟ್ಟು ಹೋಗದು. ಅಷ್ಟರಮಟ್ಟಿಗೆ ಅಪಾಯ ಕಡಿಮೆ.

ಎರಡನೆಯದು ಬೆಟ್ಟದ ಜೀವಿಗಳ ಮಾತು. ನಾಯಿಗೆ ಆಟವಾದದ್ದು ಮೊಲಕ್ಕೆ ಪ್ರಾಣಸಂಕಟ. ಕಾಡುಕೋಳಿ, ಟಿಟ್ಟಿಭಗಳು ಬೇಸಿಗೆಯಲ್ಲಿ ನೆಲದ ಮೇಲೆಯೇ ಮೊಟ್ಟೆ ಇಡುತ್ತವೆ. ಗೆದ್ದಲನ್ನೂ ಇರುವೆಯನ್ನೂ ತಿಂದು ಬದುಕುವ ಚಿಪ್ಪುಹಂದಿ ಅಪಾಯ ಕಂಡರೆ ಉಂಡೆಯಾಗಿ ಸುತ್ತಿಕೊಳ್ಳುತ್ತದೆಯೇ ಹೊರತು ಓಡಿ ಪಾರಾಗಲಾರದು. ಒಂದು ಸೂಲಿಗೆ ಅದು ಹಾಕುವುದು ಸಾಮಾನ್ಯವಾಗಿ ಒಂದೇ ಮರಿ. ತೆಂಗಿನ ಸಸಿಗೆ ಗೆದ್ದಲು ಹತ್ತಿತೆಂದು ಔಷಧಿ ಕೊಳ್ಳುವ ನಾವು, ಗೆದ್ದಲು ತಿನ್ನುವ ಪ್ರಾಣಿಯ ಮೇಲೆ ನಾಯಿ ಬಿಡುವುದು ಯಾವ ಲೆಕ್ಕಾಚಾರ? 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಕಾಡುಪ್ರಾಣಿಯನ್ನು ಕೊಲ್ಲುವುದಷ್ಟೇ ಅಲ್ಲ, ಅಟ್ಟುವುದೂ ಬೇಟೆಯೇ ಎಂಬುದನ್ನು ನೆನಪಿಡಿ.

ರೋಗವೂ ನಾಯಿಯಿಂದ ಕಾಡಿಗೆ ದಾಟಬಲ್ಲದು. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ, ನಾಯಿಗಳನ್ನು ಕಾಡುವ ಡಿಸ್ಟೆಂಪರ್ ರೋಗದ ವೈರಾಣು ಅವುಗಳಲ್ಲಿ ಪತ್ತೆಯಾಯಿತು.

'ನಾಯಿ ಬಿಡದಿದ್ದರೆ ಹಂದಿ, ಮಂಗಗಳಿಂದ ಬೆಳೆ ಉಳಿಯುವುದು ಹೇಗೆ?' ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಕಾವಲಿನ ಜಾಗ ತೋಟದ ಬೇಲಿ, ಬೆಟ್ಟದ ನೆತ್ತಿಯಲ್ಲ. ಬೇಲಿಯೊಳಗೆ ಬೊಗಳುವ ನಾಯಿ ಬೆಳೆ ಕಾಯುತ್ತದೆ. ಬೆಟ್ಟದಲ್ಲಿ ಹಂದಿಯನ್ನು ಎಬ್ಬಿಸಿದ ನಾಯಿ ಅದನ್ನು ನೆರೆಯವನ ಗದ್ದೆಗೆ ಅಟ್ಟುತ್ತದೆ, ಇಲ್ಲವೇ ಕೋರೆಗೆ ಸಿಕ್ಕು ಹೊಟ್ಟೆ ಬಗೆಸಿಕೊಳ್ಳುತ್ತದೆ. ಒಂಟಿಯಾಗಿ ಅಲೆಯುವ ನಾಯಿ ಚಿರತೆಗೂ ಸುಲಭದ ತುತ್ತು.

ಆದ್ದರಿಂದ ಬೆಟ್ಟಕ್ಕೆ ಹೋಗುವಾಗ ಈ ಕೆಲವು ಕ್ರಮಗಳನ್ನು ಪಾಲಿಸಿರಿ. ಕೊರಳಪಟ್ಟಿಗೆ ಒಂದು ಮಾರು ಉದ್ದದ ಗಟ್ಟಿ ಹಗ್ಗವಿರಲಿ. ನಾಯಿಗೆ ಮೂರು ತಿಂಗಳಾದಾಗ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ, ಪಶುವೈದ್ಯರು ಹೇಳಿದಂತೆ ಮುಂದಿನ ಲಸಿಕೆಗಳನ್ನೂ ತಪ್ಪದೆ ಹಾಕಿಸಿರಿ. ಸತ್ತ ಮಂಗ ಕಂಡರೆ ನೀವೂ ಹತ್ತಿರ ಹೋಗಬೇಡಿ, ನಾಯಿಯನ್ನೂ ಬಿಡಬೇಡಿ. ಹೆಣದಿಂದ ಇಳಿದ ಉಣುಗು ಸುತ್ತಲಿನ ದರಕಿನಲ್ಲಿರುತ್ತದೆ. ಕೂಡಲೇ ಆರೋಗ್ಯ ಇಲಾಖೆಗೋ ಅರಣ್ಯ ಇಲಾಖೆಗೋ ತಿಳಿಸಿರಿ. ಮರಳಿ ಬಂದ ಮೇಲೆ ಜಗಲಿ ಹತ್ತಿಸುವ ಮೊದಲು ನಾಯಿಯ ಕಿವಿಯ ಒಳಗೆ, ಕೊರಳ ಕೆಳಗೆ, ಬೆರಳುಗಳ ಸಂದಿಯಲ್ಲಿ ಹುಡುಕಿರಿ. ಕಚ್ಚಿದ ಉಣುಗನ್ನು ಚಿಮಟದಿಂದ ಚರ್ಮಕ್ಕೆ ತೀರ ಹತ್ತಿರದಲ್ಲಿ ಹಿಡಿದು ನೇರವಾಗಿ ಎಳೆಯಬೇಕು, ಬೆರಳಿನಲ್ಲಿ ಹೊಸಕಬಾರದು. ಬಳಿಕ ಕೈಗಳನ್ನು ಸೋಪಿನಿಂದ ತೊಳೆಯಿರಿ. ನೀವೂ ಸ್ನಾನ ಮಾಡಿ, ತೊಟ್ಟ ಬಟ್ಟೆಯನ್ನು ಬಿಸಿನೀರಿಗೆ ಹಾಕಿರಿ.

ಇನ್ನೊಂದು ಎಚ್ಚರಿಕೆ. ಬೆಳೆಗೆ ಸಿಂಪಡಿಸಿ ಉಳಿದ ಕೀಟನಾಶಕವನ್ನು ನಾಯಿಯ ಮೈಗೆ ಎಂದೂ ಬಳಿಯಬೇಡಿ. ಅದು ಮೈ ನೆಕ್ಕಿಕೊಂಡಾಗ ವಿಷ ಹೊಟ್ಟೆ ಸೇರಿ ಪ್ರಾಣಕ್ಕೇ ಎರವಾದೀತು. ಉಣುಗಿನ ಔಷಧಿಯನ್ನು ಪಶುವೈದ್ಯರನ್ನು ಕೇಳಿಯೇ ಬಳಸಿರಿ.

ಒಂದು ಮಾರು ಹಗ್ಗಕ್ಕೆ ಹೆಚ್ಚಿನ ಖರ್ಚಿಲ್ಲ. ಮನೆಯ ಹಳೆಯ ಕಣ್ಣಿಯೂ ಸಾಕು. ಆ ಹಗ್ಗದ ಒಂದು ತುದಿಯಲ್ಲಿ ನಿಮ್ಮ ನಾಯಿ, ಇನ್ನೊಂದು ತುದಿಯಲ್ಲಿ ನಿಮ್ಮ ಮನೆಯ ಹಾಗೂ ಬೆಟ್ಟದ ಹೊಣೆ ಎರಡೂ ಇವೆ. ಈ ಬಾರಿ ದರಕಿಗೆ ಹೊರಡುವಾಗ ಕತ್ತಿ, ಕಲ್ಲಿಯ ಜೊತೆಗೆ ಹಗ್ಗವನ್ನೂ ಮರೆಯದೆ ತೆಗೆದುಕೊಳ್ಳಿರಿ.