ಅಥೆನ್ಸ್ ಸೋತುದೇಕೆ? ರೋಮ್ ಬಾಳಿದುದೇಕೆ?

ಐರೋಪ್ಯ ಇತಿಹಾಸದಲ್ಲಿ ಕ್ರಿ. ಪೂ. ೩೩೮ನೆಯ ವರ್ಷವು ವಾಚಕರು ನೆನಪಿನಲ್ಲಿಡತಕ್ಕ ವರ್ಷವಾಗಿದೆ. ಆ ವರ್ಷ ಗ್ರೀಸ್ ದೇಶದ ಕೈರೊನಿಯ ಎಂಬಲ್ಲಿ ಮ್ಯಾಸಿಡೋನಿಯದ ಅರಸನಾದ ಫಿಲಿಪ್ಪನು ಅಥೆನ್ಸ್ ಮತ್ತು ಥೀಬ್ಸ್ ನಗರಗಳ ಸೈನ್ಯವನ್ನು ಮುರಿದು ಗ್ರೀಕ್ ನಗರರಾಜ್ಯಗಳ ಸ್ವಾತಂತ್ರ್ಯವನ್ನು ಅಡಗಿಸಿದನು. ಅದೇ ವರ್ಷ ಇಟಲಿಯಲ್ಲಿ ರೋಮ್ ನಗರವು, ತನಗೆ ಇದಿರಾಗಿ ನಿಂತು ಸೋತ ಲ್ಯಾಟಿನ್ ಊರುಗಳ ಕೂಟವನ್ನು ಒಡೆದು, ಅವುಗಳಲ್ಲಿ ಲಾನುವಿಯಂ, ಅರಿಕಿಯ ಮೊದಲಾದವುಗಳಿಗೆ ತನ್ನ ಪೌರಹಕ್ಕನ್ನೇ ಕೊಟ್ಟಿತು. ಒಂದು ಕಡೆ ಅಸ್ತ, ಮತ್ತೊಂದು ಕಡೆ ಉದಯ. ಇವೆರಡರ ಕಾರಣವನ್ನು ರಣರಂಗದಲ್ಲಿ ಮಾತ್ರ ಹುಡುಕುವವರು ಇತಿಹಾಸದ ಅರ್ಧವನ್ನಷ್ಟೇ ಓದಿದವರೆಂದು ನಾವು ಹೇಳುವೆವು. ತನ್ನವರು ಯಾರು ಎಂಬ ಪ್ರಶ್ನೆಗೆ ಈ ಎರಡು ನಗರಗಳು ಕೊಟ್ಟ ಉತ್ತರಗಳಲ್ಲಿಯೇ ಅವುಗಳ ಭವಿಷ್ಯದ ಬೀಜವಿದ್ದಿತು.

ಅಥೆನ್ಸಿನ ಹಿರಿಮೆಯನ್ನು ಅಲ್ಲಗಳೆಯುವವರಾರು? ಪ್ನಿಕ್ಸ್ ಗುಡ್ಡದ ಮೇಲೆ ನೆರೆಯುತ್ತಿದ್ದ ಮಹಾಸಭೆಯಲ್ಲಿ ಕುಂಬಾರನಾದ ಪೌರನಿಗೂ ಸಿರಿವಂತನಾದ ಪೌರನಿಗೂ ಒಂದೊಂದೇ ಮತವು. ೫೦೦ ಜನರ ಆಲೋಚನಸಭೆಗೆ ಸದಸ್ಯರನ್ನು ಚೀಟಿ ಎತ್ತಿ ಆರಿಸುತ್ತಿದ್ದರು. ಸೊಫೊಕ್ಲೀಸನ ನಾಟಕಗಳು, ಫಿಡಿಯಾಸನ ಶಿಲ್ಪ, ಸಾಕ್ರೆಟಿಸನ ತತ್ತ್ವಜಿಜ್ಞಾಸೆ, ಇವೆಲ್ಲವೂ ಒಂದೇ ಶತಮಾನದ ಬೆಳೆಗಳು. ಆದರೆ ಕ್ರಿ. ಪೂ. ೪೫೧ರಲ್ಲಿ ಪೆರಿಕ್ಲೀಸನು ತಂದ ಶಾಸನದ ಮೇರೆಗೆ, ತಾಯಿತಂದೆಗಳಿಬ್ಬರೂ ಪೌರಕುಲದವರಾಗಿದ್ದ ಹೊರತು ಮಗನು ಪೌರನಾಗುವಂತಿರಲಿಲ್ಲ. ಅಲ್ಲಿಯೇ ನೆಲೆಸಿ, ತೆರಿಗೆ ತೆತ್ತು, ದಂಡಿನಲ್ಲಿ ಕಾದಿದ ಪರಸ್ಥಳದವರಿಗೂ ಸಭೆಯಲ್ಲಿ ಸ್ಥಾನವಿಲ್ಲ. ಮುಂದೆ ಆ ನಗರದಲ್ಲಿ ವಿದ್ಯಾಪೀಠವನ್ನು ನಡೆಸಿದ ಅರಿಸ್ಟಾಟಲನೂ ಸ್ಟಾಗಿರ ಊರಿನವನಾದುದರಿಂದ ಹೊರಗಿನವನಾಗಿಯೇ ಉಳಿದನು. ಮಹಾಮಾರಿಯಲ್ಲಿ ಔರಸಪುತ್ರರನ್ನು ಕಳೆದುಕೊಂಡ ಪೆರಿಕ್ಲೀಸನೇ, ಮಿಲೆಟಸಿನ ಅಸ್ಪೇಸಿಯಳಲ್ಲಿ ಹುಟ್ಟಿದ ತನ್ನ ಮಗನಿಗಾಗಿ ಪೌರತ್ವವನ್ನು ಜನರಿಂದ ಬೇಡಿ ಪಡೆಯಬೇಕಾಯಿತು. ಊರಿಗೆ ಹಾಕಿದ ಅಗುಳಿಯು ತನ್ನ ಮನೆಯ ಬಾಗಿಲಿಗೇ ಬಿದ್ದಿತು!

ಮಿತ್ರರ ವಿಷಯದಲ್ಲಿಯೂ ಇದೇ ನೀತಿ. ಪರ್ಸಿಯದವರನ್ನು ಎದುರಿಸಲೆಂದು ಕ್ರಿ. ಪೂ. ೪೭೮ರಲ್ಲಿ ಗ್ರೀಕ್ ನಗರಗಳು ಡೆಲೋಸ್ ದ್ವೀಪದಲ್ಲಿ ಕೂಟ ಕಟ್ಟಿದವು. ೪೫೪ರಲ್ಲಿ ಅದರ ಬೊಕ್ಕಸವು ಅಥೆನ್ಸಿಗೆ ಸಾಗಿತು. ಮಿತ್ರರು ಕಪ್ಪ ತೆರುವ ಅಧೀನರಾದರು. ಭಾಷೆ ಒಂದೇ, ದೇವತೆಗಳು ಒಂದೇ, ಒಲಿಂಪಿಯದ ಉತ್ಸವವೂ ಒಂದೇ. ಆದರೂ ಹಕ್ಕು ಮಾತ್ರ ಊರಿನ ಗೋಡೆಯನ್ನು ದಾಟಲಿಲ್ಲ. ೪೩೧ರಿಂದ ಸ್ಪಾರ್ಟದೊಡನೆ ನಡೆದ ಯುದ್ಧದಲ್ಲಿ ಮಿತ್ರರು ಒಬ್ಬೊಬ್ಬರಾಗಿ ದಂಗೆಯೆದ್ದರು. ೪೦೫ರಲ್ಲಿ ನೌಕಾಬಲವೆಲ್ಲ ನಾಶವಾದ ಮೇಲೆ, ಕಡೆಯವರೆಗೂ ಕೈಬಿಡದಿದ್ದ ಸಾಮೋಸ್ ದ್ವೀಪದವರಿಗೆ ಅಥೆನ್ಸ್ ತನ್ನ ಪೌರತ್ವವನ್ನು ನೀಡಿತು. ಅಥೀನಾ ದೇವಿಯೂ ಸಾಮೋಸಿನ ಹೀರಾ ದೇವಿಯೂ ಕೈಹಿಡಿದು ನಿಂತ ಆ ಶಿಲಾಶಾಸನವು ಇಂದಿಗೂ ಅಥೆನ್ಸಿನಲ್ಲಿದೆ. ಕೈ ನೀಡಿದುದು ಸರಿಯೇ. ನೀಡಿದ ಹೊತ್ತು ಮಾತ್ರ ಮೀರಿತ್ತು.

ರೋಮಿನ ಬಗೆಯೇ ಬೇರೆ. ಅಲ್ಲಿ ವಿಧಿಪೂರ್ವಕವಾಗಿ ಬಿಡುಗಡೆ ಹೊಂದಿದ ದಾಸನೂ ಪೌರನಾಗುತ್ತಿದ್ದನು. ಕ್ರಿ. ಪೂ. ೨೧೬ರಲ್ಲಿ ಕಾನೆಯ ಬಯಲಿನಲ್ಲಿ ಹ್ಯಾನಿಬಾಲನು ರೋಮಿನ ಮಹಾಸೈನ್ಯವನ್ನು ನಿರ್ನಾಮ ಮಾಡಿದಾಗ ಕಪುವ ಮೊದಲಾದ ಊರುಗಳು ಬಿಟ್ಟುಹೋದವು. ಲ್ಯಾಟಿನ್ ಊರುಗಳಾದರೋ ಶತ್ರುವಿನ ಕಡೆಗೆ ಸೇರಲಿಲ್ಲ. ಇದೆಲ್ಲವೂ ಬರಿಯ ಔದಾರ್ಯದಿಂದ ಆಯಿತೆಂದು ಯಾರೂ ಭ್ರಮಿಸದಿರಲಿ. ರೋಮಿಗಾಗಿ ಕಾದಿ ಹಕ್ಕು ದೊರೆಯದ ಇಟಲಿಯ ಮಿತ್ರರು ಕ್ರಿ. ಪೂ. ೯೧ರಲ್ಲಿ ಕತ್ತಿ ಹಿರಿದರು. ಇಟಲಿಯ ಗೂಳಿಯು ರೋಮಿನ ತೋಳವನ್ನು ತಿವಿಯುವ ನಾಣ್ಯಗಳನ್ನು ಅಚ್ಚುಹಾಕಿದರು. ಮರುವರ್ಷವೇ ಶಾಸನದ ಮೂಲಕ ಪೌರತ್ವವು ಬಂದಿತು. ಕ್ರಿ. ಶ. ೪೮ರಲ್ಲಿ ಗಾಲ್ ನಾಡಿನ ಪ್ರಮುಖರನ್ನು ಸೆನೆಟ್ ಸಭೆಗೆ ಸೇರಿಸಿಕೊಳ್ಳಬೇಕೆಂದು ವಾದಿಸಿದ ಕ್ಲಾಡಿಯಸ್ ಚಕ್ರವರ್ತಿಯು, ಸ್ಪಾರ್ಟ ಅಥೆನ್ಸುಗಳು ಗೆದ್ದವರನ್ನು ಪರಕೀಯರೆಂದು ದೂರವಿಟ್ಟುದರಿಂದಲೇ ಕೆಟ್ಟವೆಂದು ಹೇಳಿದನೆಂಬುದಾಗಿ ಟಾಸಿಟಸನು ಬರೆದಿದ್ದಾನೆ. ಆ ಭಾಷಣವನ್ನು ಕೆತ್ತಿದ ಕಂಚಿನ ಫಲಕವೊಂದು ೧೫೨೮ರಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ದೊರೆಯಿತು. ಕ್ರಿ. ಶ. ೨೧೨ರಲ್ಲಿ ಕಾರಕಲ್ಲನು ಸಾಮ್ರಾಜ್ಯದ ಸ್ವತಂತ್ರ ಪ್ರಜೆಗಳಲ್ಲಿ ಬಹುತೇಕ ಎಲ್ಲರನ್ನೂ ರೋಮಿನ ಪೌರರನ್ನಾಗಿಸಿದನು.

ರೋಮಿಗೆ ಬಿರುದು ಕಟ್ಟುವುದು ನಮ್ಮ ಉದ್ದೇಶವಲ್ಲ. ಕ್ರಿ. ಪೂ. ೧೪೬ರಲ್ಲಿ ಕಾರ್ಥೇಜನ್ನೂ ಕೊರಿಂಥನ್ನೂ ಹಾಳುಗೆಡವಿದ ಕೈ ಅದೇ. ಎರಡೂ ನಗರಗಳು ದಾಸರ ದುಡಿಮೆಯ ಮೇಲೆ ನಿಂತಿದ್ದವು. ಎರಡರಲ್ಲಿಯೂ ಸ್ತ್ರೀಯರಿಗೆ ಮತವಿರಲಿಲ್ಲ. ಮೇಲಾಗಿ, ರೋಮಿನ ಪೌರತ್ವವು ಎಲ್ಲೆಡೆ ಹಬ್ಬುವ ಹೊತ್ತಿಗೆ ಅಧಿಕಾರವೆಲ್ಲ ಚಕ್ರವರ್ತಿಯ ಕೈಸೇರಿ, ಪೌರನ ಮತಕ್ಕೆ ಬೆಲೆಯೇ ಉಳಿದಿರಲಿಲ್ಲ. ಅಥೆನ್ಸಿನ ಹಕ್ಕಿಗೆ ಸತ್ತ್ವವಿತ್ತು, ಹರವಿರಲಿಲ್ಲ. ರೋಮಿನ ಹಕ್ಕು ಹರಡಿತು, ಸತ್ತ್ವವು ಸೊರಗಿತು.

ಅಥೆನ್ಸ್ ರಾಜ್ಯಭಾರದಲ್ಲಿ ಮುಚ್ಚಿದ ಬಾಗಿಲನ್ನು ವಿದ್ಯೆಯಲ್ಲಿ ಮುಚ್ಚಲಾರದೆ ಹೋದುದು ಲೋಕದ ಪುಣ್ಯ. ಗ್ರೀಕರ ಗ್ರಂಥಗಳನ್ನು ರೋಮಿನವರು ಓದಿದರು, ಬಾಗ್ದಾದಿನ ಪಂಡಿತರು ಅರಬ್ಬಿಗೆ ತಂದರು. ಸೊಫೊಕ್ಲೀಸನ ನಾಟಕವೊಂದರ ಎರಕದಲ್ಲಿ ನಮ್ಮ ಬಿ. ಎಂ. ಶ್ರೀಕಂಠಯ್ಯನವರು 'ಅಶ್ವತ್ಥಾಮನ್' ನಾಟಕವನ್ನು ಹೊಯ್ದರು. ಜಸ್ಟಿನಿಯನ್ನನ ಆಜ್ಞೆಯಿಂದ ಆರನೆಯ ಶತಮಾನದಲ್ಲಿ ಸಂಗ್ರಹವಾದ ರೋಮಿನ ಧರ್ಮಶಾಸನವು ಯುರೋಪಿನ ಅನೇಕ ದೇಶಗಳ ನ್ಯಾಯಕ್ಕೆ ತಳಹದಿಯಾಯಿತು. ಹಂಚಿದುದೇ ಉಳಿಯಿತು.

ಶಾಲೆಗಳಲ್ಲಿ ಇತಿಹಾಸವನ್ನು ಬೋಧಿಸುವ ಉಪಾಧ್ಯಾಯ ಮಹಾಶಯರು ಅರಸರ ಹೆಸರುಗಳ ಜೊತೆಗೆ ಇದನ್ನೂ ಮಕ್ಕಳಿಗೆ ಹೇಳಲಿ. ಅಥೆನ್ಸಿನ ಸಭೆಯನ್ನೂ ರೋಮಿನ ತೆರೆದ ಬಾಗಿಲನ್ನೂ ಒಂದೇ ರಾಜ್ಯದಲ್ಲಿ ಕೂಡಿಸುವ ಕಾರ್ಯವು ಆ ಎರಡು ನಗರಗಳಿಂದಲೂ ಆಗಲಿಲ್ಲ. ಅದು ಇಂದಿನ ಪ್ರಜಾರಾಜ್ಯಗಳ ಪಾಲಿಗೆ ಬಂದಿರುವ ಹೊಣೆಯಾಗಿದೆ.