ಟ್ರಸ್ ರಾಡ್ ಮುರಿದ ಬೇಸ್ ಗಿಟಾರ್ ಗುಜರಿಗೇ ಹೋಗಬೇಕೇ?

ಗಿಟಾರ್ ನುಡಿಸುವವರ ನಡುವೆ ಎರಡು ಸಲಹೆಗಳು ಸುತ್ತುತ್ತಲೇ ಇರುತ್ತವೆ. ನೆಕ್ ಬಾಗಿದರೆ ಟ್ರಸ್ ರಾಡ್ ಬಿಗಿ ಮಾಡಿ, ಸರಿಯಾಗಲಿಲ್ಲವೆಂದರೆ ಇನ್ನೂ ಬಿಗಿ ಮಾಡಿ ಎನ್ನುವುದು ಒಂದು. ರಾಡ್ ಮುರಿಯಿತೇ, ಹಾಗಾದರೆ ವಾದ್ಯ ಮುಗಿಯಿತು, ಗುಜರಿಗೆ ಹಾಕಿ ಎನ್ನುವುದು ಇನ್ನೊಂದು. ಮೊದಲನೆಯದನ್ನು ನಂಬಿದವರೇ ಎಷ್ಟೋ ಸಲ ಎರಡನೆಯದರ ಗಿರಾಕಿಗಳಾಗುತ್ತಾರೆ. ಎರಡೂ ತಪ್ಪು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಜಾತ್ರೆ, ಮದುವೆ, ಗಣೇಶೋತ್ಸವದ ರಸಮಂಜರಿಗಳಲ್ಲಿ ನುಡಿಸುವವರಿಗೆ ಇದು ದುಡ್ಡಿನ ಪ್ರಶ್ನೆ. ಒಂದೆರಡು ಸೀಸನ್ನಿನ ಸಂಪಾದನೆ ಕೂಡಿಟ್ಟು ಕೊಂಡ ವಾದ್ಯ ಅದು. ನೆಕ್ ಬಿಚ್ಚಿ ರಿಪೇರಿ ಮಾಡುವ ಕಸುಬುದಾರರು ತಾಲ್ಲೂಕು ಊರುಗಳಲ್ಲಿ ಸಿಗುವುದು ಕಷ್ಟ. ಹೀಗಾಗಿ ಮೊಬೈಲಿಗೆ ಬಂದ ವಿಡಿಯೊವೇ ಮೇಸ್ತ್ರಿ ಆಗಿಬಿಡುತ್ತದೆ.

ರಾಡ್ ಒಳಗೆ ಏಕಿದೆ?

ನಾಲ್ಕು ತಂತಿಯ ಬೇಸ್ ಗಿಟಾರ್ ಶ್ರುತಿಯಾದಾಗ ತಂತಿಗಳೆಲ್ಲ ಸೇರಿ ನೆಕ್ಕನ್ನು ಸುಮಾರು 75ರಿಂದ 80 ಕೆಜಿಯಷ್ಟು ಬಲದಿಂದ ಎಳೆಯುತ್ತವೆ. ತಂತಿ ದಪ್ಪವಾದಷ್ಟೂ ಈ ಎಳೆತ ಹೆಚ್ಚು. ಬಿಲ್ಲಿಗೆ ಹೆದೆ ಏರಿಸಿದ ಹಾಗೆ ನೆಕ್ ಮುಂದಕ್ಕೆ ಬಾಗುತ್ತದೆ. ಬೇಸಿನ ತಂತಿಯ ಅಳತೆ ಸಾಮಾನ್ಯವಾಗಿ 34 ಇಂಚು, ಅಂದರೆ ನೆಕ್ ಉದ್ದ. ಉದ್ದದ ಕೋಲು ಗಿಡ್ಡ ಕೋಲಿಗಿಂತ ಬೇಗ ಬಾಗುತ್ತದೆ.

ಇದನ್ನು ತಡೆಯಲು ನೆಕ್ಕಿನ ಒಳಗೆ, ಫಿಂಗರ್‌ಬೋರ್ಡಿನ ಅಡಿಯಲ್ಲಿ, ಉಕ್ಕಿನ ಸರಳೊಂದನ್ನು ಇಟ್ಟಿರುತ್ತಾರೆ. ಅದೇ ಟ್ರಸ್ ರಾಡ್. ಒಂದು ತುದಿ ಮರದಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ಇನ್ನೊಂದು ತುದಿಯಲ್ಲಿ ಥ್ರೆಡ್ ಮತ್ತು ನಟ್ಟು ಇರುತ್ತದೆ. ನಟ್ಟು ಬಿಗಿದರೆ ಸರಳು ನೆಕ್ಕನ್ನು ಹಿಂದಕ್ಕೆ ತಳ್ಳುತ್ತದೆ. ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮೆಕ್‌ಹ್ಯೂ ಇಂಥ ಹೊಂದಿಸಬಹುದಾದ ರಾಡ್‌ಗೆ 1923ರಲ್ಲಿ ಪೇಟೆಂಟ್ ಪಡೆದರು. ಗಟ್ಟಿ ಮೇಪಲ್ ಮರಕ್ಕೆ ಇದೆಲ್ಲ ಬೇಡ ಎಂದುಕೊಂಡಿದ್ದ ಲಿಯೋ ಫೆಂಡರ್ 1950ರಲ್ಲಿ ಕೆಲವು ಗಿಟಾರ್‌ಗಳನ್ನು ರಾಡ್ ಇಲ್ಲದೆಯೇ ಹೊರತಂದರು. ನೆಕ್‌ಗಳು ಬಾಗಿದವು, ಅದೇ ವರ್ಷದ ಕೊನೆಗೆ ರಾಡ್ ಬಂತು. 1951ರ ಅವರ ಪ್ರಿಸಿಷನ್ ಬೇಸ್‌ನಲ್ಲಿ ಅದು ಮೊದಲಿನಿಂದಲೇ ಇತ್ತು.

ಹಾಗಾದರೆ ನಮ್ಮ ತಂಬೂರಿಗೆ ಏಕಿಲ್ಲ? ಭೀಮಾ ತೀರದ ಭಜನಾ ಮಂಡಳಿಗಳಿಗೆ ಗೊತ್ತಿರುವ ಮಿರಜ ತಂಬೂರಿಯ ದಂಡಿಯಲ್ಲಿ ಉಕ್ಕಿನ ಸರಳಿಲ್ಲ. ಅದರ ದಂಡಿ ಅಗಲ, ತಂತಿಗಳು ತೆಳು, ಬೆರಳಿಟ್ಟು ಒತ್ತುವುದೇ ಇಲ್ಲ. ದಂಡಿ ಕೂದಲೆಳೆಯಷ್ಟು ಬಾಗಿದರೂ ನಾದಕ್ಕೆ ಧಕ್ಕೆಯಾಗುವುದಿಲ್ಲ. ಬೇಸಿನಲ್ಲಿ ಹಾಗಲ್ಲ. ಇಪ್ಪತ್ತು ಫ್ರೆಟ್‌ಗಳ ಮೇಲೂ ತಂತಿ ತಗುಲದೆ ಕಂಪಿಸಬೇಕು. ಅಲ್ಲಿ ಅರ್ಧ ಮಿಲಿಮೀಟರ್ ಕೂಡ ದೊಡ್ಡ ಲೆಕ್ಕ.

ಮುರಿಯುವುದು ಏಕೆ?

ರಾಡ್ ತಾನಾಗಿ ಮುರಿಯುವುದು ಕಡಿಮೆ. ಅದರ ಕೆಲಸವಲ್ಲದ ಕೆಲಸವನ್ನು ಅದರಿಂದ ಮಾಡಿಸಲು ಹೋದಾಗ ಮುರಿಯುತ್ತದೆ. ತಂತಿ ಎತ್ತರವಾಗಿದೆ, ಒತ್ತಿದರೆ ಬೆರಳು ನೋಯುತ್ತದೆ ಎಂದು ಪಾನಾ ಹಿಡಿಯುವವರೇ ಹೆಚ್ಚು. ತಂತಿಯ ಎತ್ತರವನ್ನು ಹೊಂದಿಸಬೇಕಾದದ್ದು ಬ್ರಿಡ್ಜಿನಲ್ಲಿ, ರಾಡ್‌ನಲ್ಲಿ ಅಲ್ಲ. ರಾಡ್ ನೆಕ್ಕಿನ ಬಾಗನ್ನು ಮಾತ್ರ ಸರಿಪಡಿಸಬಲ್ಲದು.

ಬಾಗು ಎಷ್ಟಿದೆ ಎಂದು ನೋಡುವುದು ಸುಲಭ. ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ಏಳು–ಎಂಟನೆಯ ಫ್ರೆಟ್ ಮತ್ತು ತಂತಿಯ ನಡುವೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು, ಅಂದರೆ ಸುಮಾರು 0.3ರಿಂದ 0.5 ಮಿಮೀ ಜಾಗ ಇದ್ದರೆ ರಾಡ್ ಮುಟ್ಟಬೇಕಿಲ್ಲ. ಮುಟ್ಟಲೇಬೇಕಾದರೆ ಒಮ್ಮೆಗೆ ಕಾಲು ಸುತ್ತು, ಆಮೇಲೆ ಮತ್ತೆ ಶ್ರುತಿ ಮಾಡಿ ನೋಡಬೇಕು. ಬಲಕ್ಕೆ ತಿರುಗಿಸಿದರೆ ಬಿಗಿ, ಎಡಕ್ಕೆ ಸಡಿಲ. ಪಾನಾ ತಿರುಗಲು ಒಪ್ಪದಿದ್ದರೆ ಅಲ್ಲೇ ನಿಲ್ಲಬೇಕು. ಥ್ರೆಡ್ ಕೊರೆದ ಜಾಗದಲ್ಲಿ ಸರಳು ಅತ್ಯಂತ ತೆಳು. ಹೆಚ್ಚಾಗಿ ತುಂಡಾಗುವುದೂ ಅಲ್ಲೇ.

ಕಸುಬು ಬಲ್ಲವರು ಬೇರೆ ಥರ ಮಾಡುತ್ತಾರೆ. ತಂತಿ ಸಡಿಲಿಸಿ, ನೆಕ್ಕನ್ನು ಕ್ಲ್ಯಾಂಪಿನಿಂದ ನಿಧಾನವಾಗಿ ಹಿಂದಕ್ಕೆ ಬಗ್ಗಿಸಿ ಹಿಡಿದು, ಆಮೇಲೆ ನಟ್ಟು ಬಿಗಿಯುತ್ತಾರೆ. ಮರವನ್ನು ಬಗ್ಗಿಸುವ ಭಾರ ಕ್ಲ್ಯಾಂಪಿನ ಮೇಲೆ, ಹಿಡಿದಿಡುವ ಕೆಲಸ ಮಾತ್ರ ರಾಡ್‌ನದು.

ಈ ಭಾಗದಲ್ಲಿ ಹವೆಯದೂ ಒಂದು ಪಾಲಿದೆ. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ, ಗಾಳಿ ಒಣಗಿರುತ್ತದೆ. ಶ್ರಾವಣದ ಬಸವನ ಬಾಗೇವಾಡಿ ಜಾತ್ರೆಯ ಹೊತ್ತಿಗೆ ಅದೇ ಗಾಳಿ ತೇವದಿಂದ ಕೂಡಿರುತ್ತದೆ. ಗಾಳಿಯ ತೇವ ಶೇ 30 ಇದ್ದಾಗ ಮರದೊಳಗಿನ ನೀರು ಅದರ ಒಣ ತೂಕದ ಸುಮಾರು ಶೇ 6. ಶೇ 80 ಆದಾಗ ಶೇ 16ರ ಹತ್ತಿರ. ಮರ ಉದ್ದಕ್ಕೆ ಬಹುತೇಕ ಬದಲಾಗುವುದಿಲ್ಲ, ಅಡ್ಡಕ್ಕೆ ಕುಗ್ಗಿ ಹಿಗ್ಗುತ್ತದೆ. ನೆಕ್ ಮತ್ತು ಫಿಂಗರ್‌ಬೋರ್ಡ್ ಬೇರೆ ಬೇರೆ ಮರವಾದ್ದರಿಂದ ಎರಡೂ ಒಂದೇ ಅಳತೆಯಲ್ಲಿ ಬದಲಾಗುವುದಿಲ್ಲ, ನೆಕ್ ಬಾಗುತ್ತದೆ. ಬಿಸಿಲಿಗೆ ರಾಡೇ ಉದ್ದವಾಗಿ ನೆಕ್ ಬಾಗುತ್ತದೆ ಎನ್ನುವವರೂ ಇದ್ದಾರೆ. ಲೆಕ್ಕ ಹಾಕಿ ನೋಡಿ: 60 ಸೆಂಮೀ ಉಕ್ಕಿನ ಸರಳು 20 ಡಿಗ್ರಿ ಕಾದರೆ ಉದ್ದವಾಗುವುದು ಸುಮಾರು 0.14 ಮಿಮೀ. ಮೇಲಿನ ಉಕ್ಕಿನ ತಂತಿಗಳೂ ಅದೇ ಹೊತ್ತಿಗೆ ಕಾದು ಸಡಿಲವಾಗುತ್ತವೆ. ಹಾಗಾಗಿ ದೂರು ರಾಡ್ ಮೇಲೆ ಹೋಗಬಾರದು.

ನಿಜವಾದ ಅಪಾಯ ಅಂಟಿನದು. ಹೊರಗೆ 40 ಡಿಗ್ರಿ ಇದ್ದರೆ ಗಾಜು ಮುಚ್ಚಿದ ಗಾಡಿಯೊಳಗೆ 60 ಡಿಗ್ರಿ ಸುಲಭವಾಗಿ ದಾಟುತ್ತದೆ. ಆ ಬಿಸಿಗೆ ಮರದ ಅಂಟು ಮೆತ್ತಗಾಗಿ, ತಂತಿಯ ಎಳೆತಕ್ಕೆ ಫಿಂಗರ್‌ಬೋರ್ಡ್ ಸ್ವಲ್ಪ ಸ್ವಲ್ಪವೇ ಸರಿಯುತ್ತದೆ. ಹಾಗೆ ಬಾಗಿದ ನೆಕ್ಕನ್ನು ರಾಡ್ ಬಿಗಿದು ನೆಟ್ಟಗೆ ಮಾಡಲು ಹೋದರೆ ರಾಡ್ ಹೋಗುತ್ತದೆ, ಬಾಗು ಉಳಿಯುತ್ತದೆ.

ನಿಜಕ್ಕೂ ಮುರಿದಿದೆಯೇ?

ಎಷ್ಟೋ ಸಲ ಮುರಿದೇ ಇರುವುದಿಲ್ಲ. ಅಲನ್ ಕೀ ಕೂರುವ ಆರುಮೂಲೆಯ ತೂತು ಸವೆದು ಗುಂಡಗಾಗಿ ಕೀ ಬರಿದೇ ತಿರುಗುತ್ತಿರಬಹುದು. ಆಗ ಹೊಸ ನಟ್ಟು ಸಾಕು. ಎರಡೂ ದಿಕ್ಕಿಗೆ ಕೆಲಸ ಮಾಡುವ ರಾಡ್‌ಗಳಲ್ಲಿ ನಡುವೆ ಸ್ವಲ್ಪ ಜಾಗ ನಟ್ಟು ಸಡಿಲವಾಗಿಯೇ ತಿರುಗುತ್ತದೆ, ಅದು ಅದರ ಗುಣ. ಇನ್ನು ಕೆಲವು ಸಲ ಥ್ರೆಡ್ ಮುಗಿದ ಕಡೆ ನಟ್ಟು ಬಂದು ನಿಂತಿರುತ್ತದೆ. ನಟ್ಟು ತೆಗೆದು ಒಂದು ವಾಷರ್ ಹಾಕಿದರೆ ಮುಗಿಯಿತು, ಅಲ್ಲೇ ಜೋರು ಮಾಡಿದರೆ ರಾಡ್ ಮುಗಿಯಿತು. ನಟ್ಟಿನ ಜೊತೆ ಸರಳಿನ ತುಂಡೇ ಕೈಗೆ ಬಂದರೆ ಅನುಮಾನಕ್ಕೆ ಜಾಗವಿಲ್ಲ. ಎರಡೂ ಕಡೆ ಎಷ್ಟು ತಿರುಗಿಸಿದರೂ ಬಿಗಿಯಾಗದಿದ್ದರೆ, ನೆಕ್ಕಿನ ಬಾಗು ಬದಲಾಗದಿದ್ದರೆ ಆಗಲೂ ಮುರಿದಿರುವ ಸಾಧ್ಯತೆ ದೊಡ್ಡದು.

ಬದಲಿಸುವುದು ಹೇಗೆ?

ಎಲ್ಲಿ ಮುರಿದಿದೆ ಎನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ನಟ್ಟಿನ ಹತ್ತಿರವೇ ತುಂಡಾಗಿದ್ದರೆ ಇಡೀ ರಾಡ್ ತೆಗೆಯಬೇಕಿಲ್ಲ. ಟೊಳ್ಳು ಕೊಳವೆಯಂಥ ಕತ್ತರಿಯಿಂದ ಸರಳಿನ ಸುತ್ತಲಿನ ಮರವನ್ನು ಸ್ವಲ್ಪ ಕೊರೆದು, ಹೊರಬಂದ ಸರಳಿಗೆ ಹೊಸ ಥ್ರೆಡ್ ಕೊಟ್ಟು, ವಾಷರ್ ಮತ್ತು ಹೊಸ ನಟ್ಟು ಹಾಕುತ್ತಾರೆ.

ಒಳಗೆಲ್ಲೋ ಮುರಿದಿದ್ದರೆ ಅಥವಾ ವೆಲ್ಡಿಂಗ್ ಬಿಟ್ಟಿದ್ದರೆ ಫಿಂಗರ್‌ಬೋರ್ಡ್ ಬಿಡಿಸಬೇಕು. ತಂತಿಗಳನ್ನೆಲ್ಲ ಸಡಿಲಿಸಿ ತೆಗೆದು, ಬೋರ್ಡನ್ನು ಸ್ವಲ್ಪ ಸ್ವಲ್ಪವೇ ಕಾಯಿಸುತ್ತ, ತೆಳು ಚೂರಿಯನ್ನು ಅಂಟಿನ ಗೆರೆಯಲ್ಲಿ ತೂರಿಸುತ್ತ ಸಾಗುವ ತಾಳ್ಮೆಯ ಕೆಲಸ ಇದು. ಮನೆಯ ಇಸ್ತ್ರಿ ಪೆಟ್ಟಿಗೆ ಇಟ್ಟು ಅವಸರ ಮಾಡಿದರೆ ಬೋರ್ಡ್ ಸುಡುತ್ತದೆ, ಪ್ಲಾಸ್ಟಿಕ್ ಚುಕ್ಕೆಗಳು ಕರಗುತ್ತವೆ, ಚೂರಿ ಮರದೊಳಕ್ಕೇ ನುಗ್ಗುತ್ತದೆ. ಬೋರ್ಡ್ ಬಿಟ್ಟ ಮೇಲೆ ಹಳೆಯ ರಾಡ್ ತೆಗೆದು, ಕಾಲುವೆಯನ್ನು ಸ್ವಚ್ಛ ಮಾಡಿ, ಅದೇ ಉದ್ದ, ಅಗಲ, ಆಳದ ಹೊಸ ರಾಡ್ ಕೂರಿಸಬೇಕು. ಅಂಟು ಮರಕ್ಕೆ ಮಾತ್ರ; ರಾಡ್‌ಗೆ ತಗುಲಿದರೆ ಹೊಸದೂ ಜಾಮ್ ಆಗುತ್ತದೆ. ಬೋರ್ಡ್ ಜಾರದ ಹಾಗೆ ಸಣ್ಣ ಪಿನ್ ಹಾಕಿ, ಉದ್ದಕ್ಕೂ ಕ್ಲ್ಯಾಂಪ್ ಬಿಗಿದು ಒಂದು ದಿನ ಬಿಡಬೇಕು. ಫ್ರೆಟ್‌ಗಳ ಮಟ್ಟವನ್ನು ಮತ್ತೆ ಸರಿಮಾಡುವ ಕೆಲಸ ಆಮೇಲೂ ಉಳಿದಿರುತ್ತದೆ. ಒಂದೇ ತುಂಡು ಮೇಪಲ್ ಮರದ ನೆಕ್‌ಗಳಲ್ಲಿ ದಾರಿ ಹಿಂದಿನಿಂದ: ಬೆನ್ನಿನ ಮೇಲೆ ಕಾಣುವ ಕಪ್ಪು ಪಟ್ಟಿಯನ್ನು ಕೊರೆದು ರಾಡ್ ತೆಗೆಯುತ್ತಾರೆ.

ಊರಿನ ಒಳ್ಳೆಯ ಬಡಿಗರು ಇದನ್ನು ಮಾಡಬಲ್ಲರೇ? ಮರ ಮತ್ತು ಅಂಟು ಅವರ ಕೈಗೆ ಹೊಸದಲ್ಲ. ಆದರೆ ಬಾಗಿಲಿನಲ್ಲಿ ಅರ್ಧ ಮಿಲಿಮೀಟರ್ ಯಾರಿಗೂ ಕಾಣದು, ಫ್ರೆಟ್‌ನಲ್ಲಿ ಅದು ಕಿರುಗುಡುತ್ತದೆ. ಮಿರಜದ ತಂಬೂರಿ, ಸಿತಾರ್ ಕಸುಬುದಾರರಿಗೆ 2024ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಸಿಕ್ಕಿದೆ. ಆ ಕೈಗಳಿಗೆ ವಾದ್ಯದ ಮರ ಗೊತ್ತು, ಟ್ರಸ್ ರಾಡ್ ಮಾತ್ರ ಅವರ ದಿನನಿತ್ಯದ ಕೆಲಸವಲ್ಲ. ಯಾರ ಬಳಿ ಹೋದರೂ, ಫಿಂಗರ್‌ಬೋರ್ಡ್ ಬಿಡಿಸಿ ಕೂರಿಸಿದ ಅನುಭವವಿದೆಯೇ ಎಂದು ಹೊರಡುವ ಮೊದಲೇ ಕೇಳಿ.

ಕಡಿಮೆ ಬೆಲೆಯ ಬೇಸ್ ಆಗಿದ್ದರೆ ಈ ಶ್ರಮದ ಕೂಲಿ ವಾದ್ಯದ ಬೆಲೆಯನ್ನೇ ಮುಟ್ಟಬಹುದು. ಅಂಥ ಬೇಸ್‌ಗಳಲ್ಲಿ ನೆಕ್ ಸಾಮಾನ್ಯವಾಗಿ ನಾಲ್ಕು ಸ್ಕ್ರೂಗಳಲ್ಲಿ ಕೂತಿರುತ್ತದೆ. ತಂತಿಯ ಅಳತೆ, ನೆಕ್ ಕೂರುವ ಗೂಡಿನ ಅಗಲ, ಸ್ಕ್ರೂ ತೂತುಗಳ ಅಂತರ ಹೊಂದಿದರೆ ಬೇರೆ ನೆಕ್ ಹಾಕುವುದೇ ಲೇಸು. ಅದಕ್ಕೂ ಅಗ್ಗದ ದಾರಿ ಇನ್ನೊಂದಿದೆ. ರಾಡ್ ಮುರಿದಿದ್ದರೂ ನೆಕ್ ಹೆಚ್ಚೇನೂ ಬಾಗಿಲ್ಲದಿದ್ದರೆ ತೆಳು ತಂತಿ ಹಾಕಿ, ಎಳೆತ ತಗ್ಗಿಸಿ, ಬ್ರಿಡ್ಜಿನಲ್ಲಿ ಎತ್ತರ ಹೊಂದಿಸಿಕೊಂಡು ಆ ಸೀಸನ್ ದಾಟಿಸಬಹುದು.

ಹಳೆಯ ಬೇಸ್ ಕೊಳ್ಳುವವರು ದುಡ್ಡು ಕೊಡುವ ಮೊದಲು ಮಾರುವವರ ಕೈಯಿಂದಲೇ ಟ್ರಸ್ ರಾಡ್ ನಟ್ಟನ್ನು ಕಾಲು ಸುತ್ತು ಸಡಿಲಿಸಿ, ಮತ್ತೆ ಬಿಗಿ ಮಾಡಿಸಿ ನೋಡಿ. ಮುಟ್ಟಲು ಹಿಂಜರಿದರೆ ಬೆಲೆಯ ಮಾತು ಅಲ್ಲಿಂದಲೇ ಮತ್ತೆ ಶುರು ಮಾಡಬಹುದು.